ನೀಲಶಿಶುಗಳ ಹೃದಯವೂ ಶಸ್ತ್ರವೈದ್ಯವೂ

ಆಟದ ಬಯಲಿನಲ್ಲಿ ನಾಲ್ಕು ಹೆಜ್ಜೆ ಓಡಿ, ಏದುಸಿರು ಬಿಡುತ್ತ, ಮೊಣಕಾಲುಗಳನ್ನು ಎದೆಗೆ ಒತ್ತಿಕೊಂಡು ಕುಕ್ಕುರುಗಾಲಿನಲ್ಲಿ ಕುಳಿತುಬಿಡುವ ಮಗುವನ್ನು ಕಂಡರೆ ಜೊತೆಗಾರರು ನಗುವುದುಂಟು. ಹಿರಿಯರು ಸೋಮಾರಿಯೆಂದು ಗದರುವುದೂ ಉಂಟು. ಅಂಥ ಮಗುವಿನ ತುಟಿಯನ್ನೂ ಉಗುರುಗಳನ್ನೂ ಒಮ್ಮೆ ನೋಡಬೇಕು. ಅವು ನೇರಿಳೆಹಣ್ಣು ತಿಂದವರ ಬಾಯಿಯಂತೆ ನೀಲಿಗಟ್ಟಿದ್ದರೆ ಆ ಮಗುವಿಗೆ ಬೇಕಾದದ್ದು ಗದರಿಕೆಯಲ್ಲ, ವೈದ್ಯನು. ಹುಟ್ಟುವಾಗಲೇ ಹೃದಯದ ರಚನೆಯಲ್ಲಿ ದೋಷವುಳ್ಳ ಇಂತಹ ಮಕ್ಕಳನ್ನು ಇಂಗ್ಲಿಷಿನವರು ‘ನೀಲಿ ಶಿಶು’ಗಳೆಂದು ಕರೆದರು. ಎಂಬತ್ತು ವರ್ಷಗಳ ಹಿಂದಿನ ತನಕವೂ ಇವರಿಗೆ ಜಗತ್ತಿನಲ್ಲಿ ಎಲ್ಲಿಯೂ ಚಿಕಿತ್ಸೆಯಿರಲಿಲ್ಲ. ಇಂದು ಇದೆ. ಅದು ಹೇಗೆ ಬಂದಿತು, ಯಾರಿಂದ ಬಂದಿತು ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ. ನಾವು ವೈದ್ಯರಲ್ಲ, ಅಧ್ಯಾಪಕರು. ಆದರೆ ಮಕ್ಕಳು ಓಡುವುದನ್ನೂ ಕುಳಿತುಕೊಳ್ಳುವುದನ್ನೂ ದಿನವಿಡೀ ನೋಡುವವರು ತಾಯಿತಂದೆಗಳನ್ನು ಬಿಟ್ಟರೆ ನಾವೇ ಆಗಿರುವುದರಿಂದ ಈ ವಿಷಯ ನಮ್ಮದೂ ಹೌದು.

ಮೊದಲು ದೋಷವಿಲ್ಲದ ಹೃದಯದ ಮಾತು. ಅದು ಮುಷ್ಟಿಯಷ್ಟು ಗಾತ್ರದ ಮಾಂಸದ ಪಂಪು ಎಂದು ವಿದ್ಯಾರ್ಥಿಗಳು ಓದಿದ್ದಾರೆ. ವಾಸ್ತವವಾಗಿ ಒಂದೇ ಗೋಡೆಗೆ ಬೆನ್ನುಕೊಟ್ಟು ನಿಂತ ಎರಡು ಪಂಪುಗಳೆಂದು ಭಾವಿಸಿದರೆ ಮುಂದಿನದೆಲ್ಲ ಸುಲಭವಾದೀತು. ಬಲಗಡೆಯ ಪಂಪು ದೇಹದಿಂದ ಮರಳಿ ಬಂದ ಮಲಿನರಕ್ತವನ್ನು ಶ್ವಾಸಕೋಶಗಳಿಗೆ ಕಳುಹಿಸುತ್ತದೆ. ಅಲ್ಲಿ ಆಮ್ಲಜನಕವನ್ನು ಕೂಡಿಕೊಂಡು ಕೆಂಪಾದ ರಕ್ತವು ಎಡಗಡೆಯ ಪಂಪಿಗೆ ಬಂದು, ಮಹಾಪಧಮನಿಯ ಮೂಲಕ ದೇಹದ ಸಕಲ ಭಾಗಗಳಿಗೂ ಹೋಗುತ್ತದೆ. ಪ್ರತಿಯೊಂದು ಪಂಪಿಗೂ ಮೇಲೊಂದು ಹೃತ್ಕರ್ಣ, ಕೆಳಗೊಂದು ಹೃತ್ಕುಕ್ಷಿ. ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟಗಳು. ಅಡಕೆತೋಟವನ್ನು ಬಲ್ಲ ನಮ್ಮ ಮಕ್ಕಳಿಗೆ ಇದು ಕಷ್ಟವಲ್ಲ. ತೋಟಕ್ಕೆ ನೀರು ತರುವ ಕಣಿ ಬೇರೆ, ಬಸಿನೀರು ಹೊರಹೋಗುವ ಕಣಿ ಬೇರೆ. ನಡುವಣ ಬದು ಒಡೆದರೆ ಎರಡೂ ಬೆರೆಯುತ್ತವೆ. ಒಂದು ಕಣಿಯ ಬಾಯಿ ಕಟ್ಟಿಕೊಂಡರೆ ಅದರ ಕೆಳಗಿನ ಗಿಡಗಳು ಒಣಗುತ್ತವೆ. ಹೃದಯದ ಹುಟ್ಟುದೋಷಗಳಲ್ಲಿ ಬಹುಪಾಲು ಇವೆರಡರಲ್ಲಿ ಒಂದು, ಅಥವಾ ಎರಡೂ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಮುಂದಿನ ಕಥೆಗೆಲ್ಲ ಅದು ಕೀಲಿಕೈ. ಗರ್ಭದಲ್ಲಿರುವ ಶಿಶು ಉಸಿರಾಡುವುದಿಲ್ಲ; ಅದರ ಆಮ್ಲಜನಕವು ತಾಯಿಯ ರಕ್ತದಿಂದ ಬರುತ್ತದೆ. ಆದುದರಿಂದ ಶ್ವಾಸಕೋಶಗಳಿಗೆ ಹೋಗಬೇಕಾದ ರಕ್ತವನ್ನು ನೇರವಾಗಿ ಮಹಾಪಧಮನಿಗೆ ದಾಟಿಸಲು ಪ್ರಕೃತಿಯು ಒಂದು ಚಿಕ್ಕ ಅಡ್ಡನಾಳವನ್ನು ಇಟ್ಟಿರುತ್ತದೆ. ಮಗು ಹುಟ್ಟಿ, ಅತ್ತು, ಉಸಿರಾಡಿದ ಬಳಿಕ ಕೆಲವು ದಿನಗಳೊಳಗಾಗಿ ಈ ನಾಳವು ತಾನಾಗಿ ಮುಚ್ಚಿಕೊಳ್ಳುತ್ತದೆ. ಕೆಲವರಲ್ಲಿ ಮುಚ್ಚುವುದಿಲ್ಲ, ಅದೂ ಒಂದು ದೋಷವೆ.

ಹುಟ್ಟುವ 1,000 ಮಕ್ಕಳಲ್ಲಿ ಸುಮಾರು 8 ಮಂದಿಗೆ ಹೃದಯದಲ್ಲಿ ಏನಾದರೊಂದು ದೋಷವಿರುತ್ತದೆ. ಕೆಲವು ಸಣ್ಣ ರಂಧ್ರಗಳು ತಾವಾಗಿಯೇ ಮುಚ್ಚುವುದೂ ಉಂಟು. ಇದಕ್ಕೆ ಕಾರಣವೇನೆಂದು ಕೇಳಿದರೆ, ಹೆಚ್ಚಿನ ಮಕ್ಕಳಲ್ಲಿ ಇಂಥದೇ ಎಂದು ಬೆರಳಿಟ್ಟು ತೋರಿಸಲು ವೈದ್ಯಶಾಸ್ತ್ರಕ್ಕೆ ಸಾಧ್ಯವಾಗಿಲ್ಲ. ಗರ್ಭದ ಮೊದಲ ತಿಂಗಳುಗಳಲ್ಲಿ ತಾಯಿಗೆ ರುಬೆಲ್ಲಾ ಎಂಬ ಜ್ವರ ಬರುವುದು, ತಾಯಿಯ ಸಿಹಿಮೂತ್ರರೋಗ ಹತೋಟಿಯಲ್ಲಿಲ್ಲದಿರುವುದು, ವಂಶತಂತುಗಳಲ್ಲಿ ವ್ಯತ್ಯಾಸವಿರುವುದು, ಇವು ಕೆಲವರಲ್ಲಿ ಕಾರಣ. ಬಸುರಿ ಗ್ರಹಣ ನೋಡಿದ್ದು, ಕತ್ತಿ ಹಿಡಿದದ್ದು, ಕಾಲಗುಣ ಮುಂತಾದುವಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಹೃದಯದ ಕೋಣೆಗಳು ಗರ್ಭದ ಎಂಟನೆಯ ವಾರದ ಸುಮಾರಿಗೆ ಕಟ್ಟಿ ಮುಗಿದಿರುತ್ತವೆ. ತಾನು ಬಸುರಿಯೆಂದು ತಾಯಿಗೆ ಆಗತಾನೆ ತಿಳಿದಿರುವ ಸಮಯವದು. ಮನೆಗೆ ಬಂದ ಸೊಸೆಯನ್ನು ಇದಕ್ಕಾಗಿ ದೂರುವ ಅಜ್ಜಿಯಂದಿರಿದ್ದರೆ ಈ ಪುಟವನ್ನು ಅವರಿಗೆ ಓದಿ ಹೇಳುವ ಕೆಲಸವನ್ನು ಏಳನೆಯ ತರಗತಿಯ ಮಕ್ಕಳಿಗೆ ನಾವು ಒಪ್ಪಿಸುತ್ತೇವೆ.

ನೀಲಶಿಶುಗಳಲ್ಲಿ ಹೆಚ್ಚಾಗಿ ಕಾಣುವ ದೋಷವನ್ನು 1888ರಲ್ಲಿ ಫ್ರಾನ್ಸಿನ ಮಾರ್ಸೇಲ್ ನಗರದ ವೈದ್ಯ ಫಾಲೋ ಎಂಬವರು ವಿವರವಾಗಿ ಬರೆದರು. ಅದರಲ್ಲಿ ನಾಲ್ಕು ಕೆಡಕುಗಳು ಒಟ್ಟಿಗೆ ಸೇರಿರುತ್ತವೆ: ಶ್ವಾಸಕೋಶಕ್ಕೆ ಹೋಗುವ ದಾರಿ ಇಕ್ಕಟ್ಟಾಗಿರುತ್ತದೆ, ಎರಡು ಹೃತ್ಕುಕ್ಷಿಗಳ ನಡುವಣ ಗೋಡೆಯಲ್ಲಿ ರಂಧ್ರವಿರುತ್ತದೆ, ಮಹಾಪಧಮನಿಯು ತನ್ನ ಸ್ಥಾನದಿಂದ ಸರಿದು ಆ ರಂಧ್ರದ ಮೇಲೆಯೇ ಬಾಯ್ದೆರೆದು ನಿಂತಿರುತ್ತದೆ, ಇಕ್ಕಟ್ಟಿನ ಎದುರು ದುಡಿದು ದುಡಿದು ಬಲ ಹೃತ್ಕುಕ್ಷಿಯ ಗೋಡೆ ದಪ್ಪಗಾಗಿರುತ್ತದೆ. ಫಲವೇನೆಂದರೆ, ಮಲಿನರಕ್ತವು ಶ್ವಾಸಕೋಶಕ್ಕೆ ಹೋಗಲಾರದೆ ರಂಧ್ರದ ಮೂಲಕ ನುಸುಳಿ ದೇಹಕ್ಕೇ ಮರಳುತ್ತದೆ. ತುಟಿ ನೀಲಿಯಾಗುವುದು ಇದರಿಂದ. ಇನ್ನು ಆ ಮಕ್ಕಳು ಕುಕ್ಕುರುಗಾಲಿನಲ್ಲಿ ಕೂರುವುದೇಕೆ? ಹಾಗೆ ಕುಳಿತಾಗ ಕಾಲುಗಳ ರಕ್ತನಾಳಗಳು ಮಡಚಿ ಒತ್ತಲ್ಪಡುತ್ತವೆ. ದೇಹದ ಕಡೆಗೆ ಹರಿಯುವುದು ರಕ್ತಕ್ಕೆ ತುಸು ಕಷ್ಟವಾಗುತ್ತದೆ. ಆಗ ಅದರಲ್ಲಿ ಒಂದಂಶ ಇಕ್ಕಟ್ಟಾದ ದಾರಿಯಲ್ಲಿಯೇ ಶ್ವಾಸಕೋಶದ ಕಡೆಗೆ ತಿರುಗುತ್ತದೆ. ಮೂರು ವರ್ಷದ ಮಗುವಿಗೆ ಇದನ್ನು ಯಾರೂ ಕಲಿಸಿದ್ದಲ್ಲ. ಸುಖವಾಗುವ ಭಂಗಿಯನ್ನು ಅದು ತಾನಾಗಿ ಕಂಡುಕೊಂಡದ್ದು.

ಫಾಲೋ ಬರೆದ ತರುವಾಯ ಅರ್ಧಶತಮಾನ ಕಳೆದರೂ ವೈದ್ಯರು ರೋಗದ ಹೆಸರು ಹೇಳಬಲ್ಲವರಾದರೇ ಹೊರತು ಬೇರೇನೂ ಮಾಡಲಾರದವರಾಗಿದ್ದರು. ಹೃದಯದ ಮೇಲೆ ಕತ್ತಿ ಇಡುವುದೇ ಅವಿವೇಕವೆಂಬುದು ಅಂದಿನ ಭಾವನೆ. 1938ರ ಆಗಸ್ಟ್ 26ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ರಾಬರ್ಟ್ ಗ್ರಾಸ್ ಎಂಬ ತರುಣ ಶಸ್ತ್ರವೈದ್ಯರು ಏಳು ವರ್ಷದ ಒಬ್ಬ ಹುಡುಗಿಯ ಎದೆಯನ್ನು ತೆರೆದು, ಮುಚ್ಚದೆ ಉಳಿದಿದ್ದ ಆ ಅಡ್ಡನಾಳವನ್ನು ದಾರದಿಂದ ಕಟ್ಟಿದರು. ಅವರ ಮೇಲಧಿಕಾರಿ ರಜೆಯ ಮೇಲೆ ಹೋಗಿದ್ದ ಸಮಯವನ್ನು ನೋಡಿ ಮಾಡಿದ ಕೆಲಸವದು! ಹುಡುಗಿ ಗುಣವಾದಳು.

ಈ ವಾರ್ತೆ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿದ್ದ ಹೆಲೆನ್ ಟಾಸಿಗ್ ಎಂಬ ವೈದ್ಯೆಯ ಮನಸ್ಸಿನಲ್ಲಿ ಬೇರೊಂದು ಯೋಚನೆಯನ್ನು ಎಬ್ಬಿಸಿತು. ಈಕೆಯ ವಿಚಾರ ಸ್ವಲ್ಪ ಹೇಳಬೇಕು. 1898ರಲ್ಲಿ ಹುಟ್ಟಿದ ಈಕೆಗೆ ಬಾಲ್ಯದಲ್ಲಿ ಅಕ್ಷರಗಳನ್ನು ಕೂಡಿಸಿ ಓದುವುದೇ ಮಹಾ ಕಷ್ಟವಾಗಿದ್ದಿತು. ಹನ್ನೊಂದನೆಯ ವಯಸ್ಸಿನಲ್ಲಿ ತಾಯಿ ತೀರಿಕೊಂಡರು. ವೈದ್ಯವಿದ್ಯೆಗೆ ಮನಸ್ಸು ಮಾಡಿದಾಗ ಹಾರ್ವರ್ಡ್ ವಿಶ್ವವಿದ್ಯಾಲಯವು ಸ್ತ್ರೀಯರಿಗೆ ವೈದ್ಯಪದವಿಯನ್ನು ಕೊಡುತ್ತಿರಲಿಲ್ಲ. ಆದಕಾರಣ ಬಾಲ್ಟಿಮೋರಿಗೆ ಬಂದು 1927ರಲ್ಲಿ ಪದವಿ ಪಡೆದರು. ಅಷ್ಟರಲ್ಲಿ ಕಿವಿ ಮಂದವಾಗತೊಡಗಿತು. ಹೃದಯದ ವೈದ್ಯರಿಗೆ ಕಿವಿಯೇ ಮುಖ್ಯವಾದ ಕಾಲವದು; ಈಕೆಯಾದರೋ ಮಗುವಿನ ಎದೆಯ ಮೇಲೆ ಬೆರಳುಗಳನ್ನಿರಿಸಿ, ಕಂಪನವನ್ನು ಗ್ರಹಿಸಿ, ಒಳಗೆ ಎಲ್ಲಿ ಏನು ಕೆಟ್ಟಿದೆಯೆಂದು ತಿಳಿಯುವ ಅಭ್ಯಾಸವನ್ನು ಬೆಳೆಸಿಕೊಂಡರು. ಓದಿನಲ್ಲಿ ನಿಧಾನವಾದ ಮಕ್ಕಳ ವಿಷಯದಲ್ಲಿ ಬೇಗನೆ ತೀರ್ಪು ಕೊಡುವ ತಂದೆಯಂದಿರು ಈ ಉದಾಹರಣೆಯನ್ನು ನೆನೆಯಲಿ ಎಂದು ನಮ್ಮ ಆಸೆ.

ಟಾಸಿಗರು ನೂರಾರು ನೀಲಶಿಶುಗಳನ್ನು ನೋಡಿ ಒಂದು ವಿಚಿತ್ರವನ್ನು ಗಮನಿಸಿದರು. ಕೆಲವು ಮಕ್ಕಳು ಹುಟ್ಟಿದ ಮೊದಲ ದಿನಗಳಲ್ಲಿ ಅಷ್ಟೇನೂ ನೀಲಿಯಾಗಿರುವುದಿಲ್ಲ; ಅಡ್ಡನಾಳವು ಮುಚ್ಚಿದೊಡನೆ ನೀಲಿ ಏರುತ್ತದೆ. ಆ ನಾಳವು ಮುಚ್ಚದೆ ಉಳಿದವರು ಉಳಿದವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ. ಅಂದರೆ, ಆರೋಗ್ಯವಂತ ಮಗುವಿನಲ್ಲಿ ದೋಷವಾಗತಕ್ಕುದು ಈ ಮಕ್ಕಳಿಗೆ ಪ್ರಾಣಾಧಾರ! ಮಹಾಪಧಮನಿಯ ರಕ್ತದ ಒಂದಂಶ ಆ ನಾಳದ ಮೂಲಕ ಹಿಂದಿರುಗಿ, ಇಕ್ಕಟ್ಟನ್ನು ಬಳಸಿಕೊಂಡು, ಶ್ವಾಸಕೋಶವನ್ನು ಸೇರುತ್ತಿದ್ದಿತು. ಹಾಗಾದರೆ ನಾಳವಿಲ್ಲದ ಮಗುವಿಗೆ ಒಂದು ಹೊಸ ನಾಳವನ್ನು ಮಾಡಿಕೊಡಬಾರದೇಕೆ? ಕಟ್ಟಿಹೋದ ಕಣಿಯನ್ನು ಬಿಡಿಸಲಾಗದಿದ್ದಾಗ ಪಕ್ಕದ ಕಣಿಯಿಂದ ಒಂದು ಕವಲು ತೋಡಿ ಗಿಡಗಳನ್ನು ಉಳಿಸುವ ಉಪಾಯದಂತೆಯೆ ಇದು. ಟಾಸಿಗರು ಬಾಸ್ಟನ್ನಿಗೆ ಹೋಗಿ ಗ್ರಾಸರನ್ನು ಕೇಳಿದರು. ನಾಳವನ್ನು ಮುಚ್ಚಿ ಹೆಸರಾದ ಅವರಿಗೆ ನಾಳವನ್ನು ತೆರೆಯುವುದರಲ್ಲಿ ಆಸಕ್ತಿ ಹುಟ್ಟಲಿಲ್ಲ.

1941ರಲ್ಲಿ ಆಲ್‌ಫ್ರೆಡ್ ಬ್ಲೇಲಾಕ್ ಎಂಬವರು ಬಾಲ್ಟಿಮೋರಿಗೆ ಶಸ್ತ್ರವೈದ್ಯದ ಮುಖ್ಯಸ್ಥರಾಗಿ ಬಂದರು. ಅವರೊಡನೆ ಅವರ ಪ್ರಯೋಗಶಾಲೆಯ ಸಹಾಯಕ ವಿವಿಯನ್ ಥಾಮಸ್ ಕೂಡ ಬಂದರು. ಈ ಥಾಮಸ್ ಯಾರು? ಒಬ್ಬ ಕರಿಯ ಬಡಗಿಯ ಮಗ, ತಾನೂ ಬಡಗಿ. 1910ರಲ್ಲಿ ಹುಟ್ಟಿದವರು. ವೈದ್ಯನಾಗಬೇಕೆಂಬ ಹಂಬಲದಿಂದ ಕಾಲೇಜಿಗೆಂದು ಕೂಡಿಟ್ಟ ಹಣವೆಲ್ಲ 1930ರಲ್ಲಿ ಬ್ಯಾಂಕು ಮುಳುಗಿ ಹೋಯಿತು. ಹೊಟ್ಟೆಪಾಡಿಗಾಗಿ ಬ್ಲೇಲಾಕರ ಪ್ರಯೋಗಶಾಲೆಗೆ ಸೇರಿದರು. ಅಲ್ಲಿ ಶಸ್ತ್ರಕ್ರಿಯೆ, ರಸಾಯನಪ್ರಯೋಗ, ಲೆಕ್ಕ, ಬರವಣಿಗೆ ಎಲ್ಲವನ್ನೂ ಕಲಿತರು. ಆದರೆ ಸಂಬಳದ ಪಟ್ಟಿಯಲ್ಲಿ ಅವರ ಹೆಸರು ಕಸಗುಡಿಸುವವರ ಸಾಲಿನಲ್ಲಿದ್ದಿತು. ಕರಿಯರಿಗೆ ಆ ದೇಶದಲ್ಲಿ ಬೇರೆ ಬಾಗಿಲು, ಬೇರೆ ಶೌಚಾಲಯಗಳಿದ್ದ ಕಾಲವದು.

ಟಾಸಿಗರ ಯೋಚನೆಯನ್ನು ಕೇಳಿ ಬ್ಲೇಲಾಕರು ಅದನ್ನು ಥಾಮಸರ ಕೈಗಿತ್ತರು. ಸುಮಾರು 200 ನಾಯಿಗಳ ಮೇಲೆ ಥಾಮಸರು ಪ್ರಯೋಗ ನಡೆಸಿದರು. ಮೊದಲು ಆರೋಗ್ಯವಾದ ನಾಯಿಯಲ್ಲಿ ನೀಲಿ ರೋಗಕ್ಕೆ ಸಮಾನವಾದ ಸ್ಥಿತಿಯನ್ನು ಉಂಟುಮಾಡಬೇಕು. ಆಮೇಲೆ ಅದನ್ನು ಪರಿಹರಿಸಬೇಕು. ಎಳೆಯ ಮಗುವಿನ ರಕ್ತನಾಳವು ಎಷ್ಟು ಸಪೂರವೆಂದರೆ ಅದಕ್ಕೆ ಒಪ್ಪುವ ಸೂಜಿಯೂ ಇರಲಿಲ್ಲ. ಇದ್ದ ಸೂಜಿಗಳನ್ನೇ ಚಿಕ್ಕದಾಗಿ ತುಂಡರಿಸಿ, ಹರಿತಗೊಳಿಸಿ, ಅವರು ಉಪಯೋಗಿಸಿದರು. ಬಡಗಿಯ ಕೈ ವ್ಯರ್ಥವಾಗಲಿಲ್ಲ. ಪ್ರಯೋಗದ ನಂತರ ಬಹುಕಾಲ ಬದುಕಿದ ಅನ್ನಾ ಎಂಬ ನಾಯಿಯ ಚಿತ್ರವನ್ನು ಆ ವಿದ್ಯಾಲಯದಲ್ಲಿ ತೂಗುಹಾಕಿದ್ದಾರೆ. ಆ ಮೂಕಪ್ರಾಣಿಗಳ ಋಣವೂ ಈ ವಿದ್ಯೆಯ ಮೇಲಿದೆಯೆಂಬುದನ್ನು ಮರೆಯಲಾಗದು.

1944ರ ನವೆಂಬರ್ 29. ಹದಿನೈದು ತಿಂಗಳಿನ ಒಂದು ಹೆಣ್ಣುಮಗು. ತೂಕ ಸುಮಾರು 4 ಕಿಲೋಗ್ರಾಂ ಮಾತ್ರ. ಎಡಗೈಗೆ ರಕ್ತವನ್ನೊಯ್ಯುವ ಅಪಧಮನಿಯನ್ನು ಕತ್ತರಿಸಿ, ತಿರುಗಿಸಿ, ಶ್ವಾಸಕೋಶದ ಅಪಧಮನಿಯ ಪಕ್ಕಕ್ಕೆ ಹೊಲಿಯಬೇಕು. (ಕೈಗೆ ಸುತ್ತುಮುತ್ತಲಿನ ಚಿಕ್ಕ ನಾಳಗಳಿಂದ ರಕ್ತ ಒದಗುತ್ತದೆ.) ಕತ್ತಿ ಹಿಡಿದವರು ಬ್ಲೇಲಾಕರು. ಆದರೆ ಈ ಹೊಲಿಗೆಯನ್ನು ಅವರಿಗಿಂತ ಎಷ್ಟೋ ಹೆಚ್ಚು ಸಲ ಹಾಕಿದವರು ಥಾಮಸರು. ಅದನ್ನು ಬಲ್ಲ ಬ್ಲೇಲಾಕರು, ಥಾಮಸರನ್ನು ಕರೆಸಿ, ತಮ್ಮ ಬೆನ್ನ ಹಿಂದೆ ಒಂದು ಮೆಟ್ಟಿಲುಮಣೆಯ ಮೇಲೆ ನಿಲ್ಲಿಸಿಕೊಂಡು, ಹೆಗಲ ಮೇಲಿಂದ ಅವರು ಕೊಡುವ ಸೂಚನೆಯಂತೆ ಹೊಲಿಗೆ ಹಾಕಿದರು. ಮೇಲಧಿಕಾರಿಯೊಬ್ಬನು ತನಗಿಂತ ಕೆಳಗಿನವನನ್ನು ಎಲ್ಲರೆದುರು ಕೇಳಿ ಕೆಲಸ ಮಾಡಿದನೆಂಬುದು ನಮಗೆ ಆ ಶಸ್ತ್ರಕ್ರಿಯೆಯಷ್ಟೇ ದೊಡ್ಡ ವಿಷಯವಾಗಿ ತೋರುತ್ತದೆ. ಮಗು ಅಂದು ಬದುಕಿತು. ತಿಂಗಳುಗಳ ತರುವಾಯ ಮತ್ತೆ ನೀಲಿಯಾಗಿ, ಎರಡು ವರ್ಷ ತುಂಬುವ ಸುಮಾರಿಗೆ ತೀರಿಕೊಂಡಿತು. ಮೂರನೆಯ ರೋಗಿ ಆರು ವರ್ಷದ ಹುಡುಗ. ನಾಳಕ್ಕೆ ಹಾಕಿದ್ದ ಚಿಮಟವನ್ನು ಸಡಿಲಿಸಿದಾಗ, ಕೋಣೆಯಲ್ಲಿದ್ದವರೆಲ್ಲ ನೋಡುತ್ತಿರುವಂತೆಯೆ ಅವನ ತುಟಿ ಕೆಂಪಾಯಿತು. ಮುಂದೆ ಜಗತ್ತಿನ ಎಲ್ಲ ಕಡೆಗಳಿಂದ ತಾಯಿತಂದೆಗಳು ನೀಲಿ ಮಕ್ಕಳನ್ನೆತ್ತಿಕೊಂಡು ಬಾಲ್ಟಿಮೋರಿಗೆ ಬಂದರು.

1945ರಲ್ಲಿ ಪ್ರಕಟವಾದ ಲೇಖನದಲ್ಲಿ ಬ್ಲೇಲಾಕ್, ಟಾಸಿಗ್ ಎಂಬ ಎರಡು ಹೆಸರುಗಳಿದ್ದವು. ಥಾಮಸರ ಹೆಸರಿರಲಿಲ್ಲ. ಅವರು ಅದೇ ಪ್ರಯೋಗಶಾಲೆಯಲ್ಲಿ ಉಳಿದು, ಮುಂದೆ ಹೆಸರಾಂತ ಶಸ್ತ್ರವೈದ್ಯರಾದ ಅನೇಕ ತರುಣರ ಕೈಗೆ ಸೂಜಿ ಹಿಡಿಯುವುದನ್ನು ಕಲಿಸಿದರು. 1976ರಲ್ಲಿ ಆ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು. ಇಂದು ಅನೇಕ ವೈದ್ಯರು ಆ ಕೃತಕನಾಳವನ್ನು ಮೂವರ ಹೆಸರುಗಳನ್ನೂ ಕೂಡಿಸಿಯೇ ಕರೆಯುತ್ತಾರೆ.

ಇಷ್ಟಾದರೂ ಇದು ಉಪಶಮನವೇ ಹೊರತು ಪೂರ್ಣಪರಿಹಾರವಾಗಿರಲಿಲ್ಲ. ಗೋಡೆಯ ರಂಧ್ರ ಹಾಗೆಯೇ ಇದ್ದಿತು. ಅದನ್ನು ಮುಚ್ಚಬೇಕಾದರೆ ಹೃದಯವನ್ನು ಬಿಚ್ಚಬೇಕು. ಬಿಚ್ಚಿದರೆ ರಕ್ತಪ್ರವಾಹ ನಿಲ್ಲುತ್ತದೆ. ನಿಂತರೆ ನಾಲ್ಕೈದು ನಿಮಿಷಗಳಲ್ಲಿ ಮೆದುಳಿಗೆ ಅಪಾಯ. ಜಾನ್ ಗಿಬ್ಬನ್ ಎಂಬವರು ಸುಮಾರು ಇಪ್ಪತ್ತು ವರ್ಷ ದುಡಿದು, ಹೃದಯ ಶ್ವಾಸಕೋಶಗಳೆರಡರ ಕೆಲಸವನ್ನೂ ಮಾಡುವ ಯಂತ್ರವೊಂದನ್ನು ರಚಿಸಿ, 1953ರ ಮೇ 6ರಂದು ಫಿಲಡೆಲ್ಫಿಯದಲ್ಲಿ ಹದಿನೆಂಟು ವರ್ಷದ ಯುವತಿಯೊಬ್ಬಳ ಹೃತ್ಕರ್ಣದ ರಂಧ್ರವನ್ನು ಮುಚ್ಚಿದರು. ಆದರೆ ಅವರ ಮುಂದಿನ ರೋಗಿಗಳು ಉಳಿಯಲಿಲ್ಲ. ಅವರು ಆ ಪ್ರಯತ್ನವನ್ನೇ ಬಿಟ್ಟರು.

ಆಗ ಮಿನಿಯಾಪೊಲಿಸ್ ನಗರದ ವಾಲ್ಟನ್ ಲಿಲ್ಲೆಹೈ ಎಂಬವರು ಯಾರೂ ಊಹಿಸದ ದಾರಿಯೊಂದನ್ನು ಹಿಡಿದರು. ಗರ್ಭದಲ್ಲಿರುವಾಗ ಮಗುವಿಗೆ ಉಸಿರಾಡುವವಳು ತಾಯಿಯಷ್ಟೆ. ಶಸ್ತ್ರಕ್ರಿಯೆಯ ಹೊತ್ತಿನಲ್ಲಿಯೂ ಹಾಗೆಯೇ ಏಕಾಗಬಾರದು? ತಂದೆಯನ್ನೋ ತಾಯಿಯನ್ನೋ ಪಕ್ಕದ ಮೇಜಿನ ಮೇಲೆ ಮಲಗಿಸಿ, ಮಗುವಿನ ಮಲಿನರಕ್ತವನ್ನು ಅವರ ದೇಹಕ್ಕೂ ಅವರ ಶುದ್ಧರಕ್ತವನ್ನು ಮಗುವಿನ ದೇಹಕ್ಕೂ ನಳಿಗೆಗಳ ಮೂಲಕ ಹರಿಸಿ, ಅಷ್ಟರಲ್ಲಿ ಮಗುವಿನ ಹೃದಯವನ್ನು ತೆರೆದು ಸರಿಪಡಿಸುವುದು. ಒಂದು ಶಸ್ತ್ರಕ್ರಿಯೆಯಲ್ಲಿ ಇಬ್ಬರು ಸಾಯಬಹುದಾದ ಉಪಾಯವಿದೆಂದು ಅನೇಕರು ಆಕ್ಷೇಪಿಸಿದರು. 1954ರ ಮಾರ್ಚ್ 26ರಂದು ಮೊದಲನೆಯದು ನಡೆಯಿತು. ರಂಧ್ರ ಮುಚ್ಚಿತು, ಆದರೆ ಮಗು ಕೆಲವು ದಿನಗಳ ನಂತರ ಶ್ವಾಸಕೋಶದ ಉರಿಯೂತದಿಂದ ತೀರಿಕೊಂಡಿತು. ಆದರೂ ಮುಂದಿನ ಮಗುವಿನ ತಂದೆ ಬಂದು ಮೇಜಿನ ಮೇಲೆ ಮಲಗಿದನು. ಅದೇ ವರ್ಷದ ಆಗಸ್ಟ್ 31ರಂದು ಹತ್ತು ವರ್ಷದ ಹುಡುಗನೊಬ್ಬನಲ್ಲಿ ಫಾಲೋ ಹೇಳಿದ ದೋಷವನ್ನು ಮೊತ್ತಮೊದಲಾಗಿ ಪೂರ್ಣವಾಗಿ ಸರಿಪಡಿಸಲಾಯಿತು. ಹೀಗೆ ಒಟ್ಟು 45 ಮಂದಿಗೆ ಶಸ್ತ್ರಕ್ರಿಯೆಯಾಗಿ 28 ಮಂದಿ ಗುಣಹೊಂದಿ ಮನೆಗೆ ಮರಳಿದರು. ರಕ್ತವಿತ್ತವರಲ್ಲಿ ಯಾರೂ ಸಾಯಲಿಲ್ಲ. ಒಬ್ಬ ತಾಯಿಗೆ ಮಾತ್ರ ಶಾಶ್ವತವಾದ ಹಾನಿಯಾಯಿತು. ಒಂದೆರಡು ವರ್ಷಗಳಲ್ಲಿ ಯಂತ್ರಗಳು ಸುಧಾರಿಸಿ ಈ ಪದ್ಧತಿ ನಿಂತುಹೋಯಿತು. ಶಸ್ತ್ರವೈದ್ಯದ ಇತಿಹಾಸದಲ್ಲಿ ನಾವು ಓದಿದ ಪುಟಗಳ ಪೈಕಿ ಇಷ್ಟು ಮನಕರಗಿಸುವ ಪುಟ ಮತ್ತೊಂದಿಲ್ಲ.

ತರುವಾಯ ಇನ್ನೂ ಜಟಿಲವಾದ ದೋಷಗಳಿಗೆ ದಾರಿ ತೆರೆಯಿತು. ಕೆಲವು ಮಕ್ಕಳಲ್ಲಿ ಹೃದಯದಿಂದ ಹೊರಡುವ ಎರಡು ದೊಡ್ಡ ಅಪಧಮನಿಗಳೇ ಅದಲುಬದಲಾಗಿರುತ್ತವೆ. 1975ರಲ್ಲಿ ಬ್ರೆಜಿಲ್ ದೇಶದ ಅಡಿಬ್ ಜಟೇನೆ ಎಂಬವರು ಅವೆರಡನ್ನೂ ಕತ್ತರಿಸಿ, ಸ್ಥಾನ ಬದಲಿಸಿ ಹೊಲಿದು, ಹೃದಯಕ್ಕೇ ರಕ್ತ ಒದಗಿಸುವ ಸೂಕ್ಷ್ಮನಾಳಗಳನ್ನೂ ಹೊಸ ಸ್ಥಾನಕ್ಕೆ ಕೂಡಿಸಿ ಯಶಸ್ವಿಯಾದರು. ಈ ಶಸ್ತ್ರಕ್ರಿಯೆಯನ್ನು ಸಾಮಾನ್ಯವಾಗಿ ಹುಟ್ಟಿದ ಕೆಲವು ವಾರಗಳೊಳಗೇ ಮಾಡಬೇಕು. ಇನ್ನು ಕೆಲವರಿಗೆ ಉಪಯೋಗಕ್ಕೆ ಬರುವ ಹೃತ್ಕುಕ್ಷಿ ಇರುವುದೇ ಒಂದು. 1968ರಲ್ಲಿ ಫ್ರಾನ್ಸಿನ ಬೋರ್ದೋ ನಗರದ ಫ್ರಾನ್ಸಿಸ್ ಫೋಂಟಾನ್ ಎಂಬವರು, ಮಲಿನರಕ್ತವು ಬಲ ಹೃತ್ಕುಕ್ಷಿಯ ನೆರವಿಲ್ಲದೆಯೇ ಶ್ವಾಸಕೋಶಗಳನ್ನು ಸೇರುವಂತೆ ಮಾಡಿದರು. ಆ ವಿಧಾನವನ್ನು ಇಂದು ಎರಡು ಮೂರು ಹಂತಗಳಲ್ಲಿ, ವರ್ಷಗಳ ಅಂತರದಲ್ಲಿ ನಡೆಸುತ್ತಾರೆ. ಟಾಸಿಗರು ಗಮನಿಸಿದ ಅಡ್ಡನಾಳವನ್ನು ಶಸ್ತ್ರಕ್ರಿಯೆಯ ತನಕ ತೆರೆದೇ ಇರಿಸುವ ಔಷಧವೂ 1970ರ ದಶಕದಲ್ಲಿ ಬಂದಿತು.

ಟಾಸಿಗರ ವಿದ್ಯೆ ಭಾರತಕ್ಕೂ ನೇರವಾಗಿ ಬಂದಿದೆ. ನಮ್ಮ ದೇಶದ ಮೊದಲ ಮಹಿಳಾ ಹೃದ್ರೋಗತಜ್ಞೆಯೆಂದು ಹೆಸರಾದ ಡಾ. ಎಸ್. ಪದ್ಮಾವತಿಯವರು ಅವರ ಬಳಿ ಕಲಿತು, 1953ರಲ್ಲಿ ದೆಹಲಿಗೆ ಬಂದು ಸೇವೆಗೆ ನಿಂತರು. 2020ರಲ್ಲಿ ತೀರಿಕೊಂಡಾಗ ಅವರ ವಯಸ್ಸು ನೂರನ್ನು ಮೀರಿದ್ದಿತು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ 1961ರಲ್ಲಿ ಡಾ. ಎನ್. ಗೋಪೀನಾಥರು ತೆರೆದ ಹೃದಯದ ಶಸ್ತ್ರಕ್ರಿಯೆಯನ್ನು ನಡೆಸಿದರು. ತಿರುವನಂತಪುರದ ಶ್ರೀಚಿತ್ರಾ ತಿರುನಾಳ್ ಸಂಸ್ಥೆಯೂ ಬೆಂಗಳೂರಿನ ಜಯದೇವ ಸಂಸ್ಥೆ, ನಾರಾಯಣ ಹೃದಯಾಲಯಗಳೂ ಇಂದು ಮಕ್ಕಳ ಹೃದಯಚಿಕಿತ್ಸೆಗೆ ಹೆಸರಾಗಿವೆ. 2003ರಲ್ಲಿ ಲಾಹೋರ್ ದೆಹಲಿಗಳ ನಡುವೆ ಬಸ್ಸು ಮತ್ತೆ ಓಡತೊಡಗಿದಾಗ ಅದರಲ್ಲಿ ಬಂದ ಒಂದು ಪುಟ್ಟ ಹೆಣ್ಣುಮಗುವಿನ ಹೃದಯವನ್ನು ಸರಿಪಡಿಸಿದ್ದು ಬೆಂಗಳೂರಿನಲ್ಲಿಯೇ.

ಇನ್ನು ತಾಯಿತಂದೆಗಳಿಗೆ ನಾಲ್ಕು ಮಾತು. ಎಲ್ಲ ದೋಷಗಳಲ್ಲಿಯೂ ಮಗು ನೀಲಿಯಾಗುವುದಿಲ್ಲ. ಗೋಡೆಯಲ್ಲಿ ದೊಡ್ಡ ರಂಧ್ರ ಮಾತ್ರವಿದ್ದರೆ ಮಗುವಿನ ಬಣ್ಣ ಸರಿಯಾಗಿಯೇ ಇರುತ್ತದೆ. ಆದರೆ ಹಾಲು ಕುಡಿಯುವಾಗ ಹಣೆ ಬೆವರುತ್ತದೆ, ನಡುನಡುವೆ ನಿಲ್ಲಿಸಿ ಏದುಸಿರು ಬಿಡುತ್ತದೆ, ತೂಕ ಏರುವುದಿಲ್ಲ, ಮೇಲಿಂದ ಮೇಲೆ ಕಫಜ್ವರ ಬರುತ್ತದೆ. ನೀಲಿಯನ್ನು ನೋಡುವುದಕ್ಕೆ ನಮ್ಮ ಮಕ್ಕಳ ಮೈಬಣ್ಣದಲ್ಲಿ ನಾಲಗೆ ಮತ್ತು ಉಗುರುಗಳೇ ಸರಿಯಾದ ಸ್ಥಳ. ಬೆರಳತುದಿ ಉಬ್ಬಿ ಉಗುರು ಗುಂಡಗಾಗಿರುವುದೂ ಒಂದು ಚಿಹ್ನೆ. ದೊಡ್ಡವನಾದ ಮೇಲೆ ನೋಡೋಣವೆಂದು ಕಾಯುವುದು ಇದರಲ್ಲಿ ಅತ್ಯಂತ ಅಪಾಯಕರ. ರಂಧ್ರದ ಮೂಲಕ ನುಗ್ಗುವ ರಕ್ತದ ಒತ್ತಡದಿಂದ ಶ್ವಾಸಕೋಶದ ನಾಳಗಳು ವರ್ಷಗಳು ಕಳೆದಂತೆ ಬಿರುಸಾಗುತ್ತವೆ. ಹಾಗಾದ ಮೇಲೆ ರಂಧ್ರವನ್ನು ಮುಚ್ಚುವುದೇ ಪ್ರಾಣಕ್ಕೆ ಮುಳುವಾದೀತು. ಸಕಾಲದಲ್ಲಿ ಒಳ್ಳೆಯ ಆಸ್ಪತ್ರೆಯಲ್ಲಿ ಚಿಕಿತ್ಸೆಯಾದರೆ ಫಾಲೋ ಹೇಳಿದ ದೋಷವಿರುವ 100 ಮಕ್ಕಳಲ್ಲಿ 95ಕ್ಕೂ ಮಿಕ್ಕಿ ಮಕ್ಕಳು ಶಸ್ತ್ರಕ್ರಿಯೆಯನ್ನು ದಾಟಿ ಬರುತ್ತಾರೆ.

ಹಣದ ಚಿಂತೆಯಿಂದ ಹಿಂಜರಿಯುವವರು ಕೇರಳ ಸರಕಾರವು 2017ರಲ್ಲಿ ಆರಂಭಿಸಿದ ‘ಹೃದ್ಯಂ’ ಯೋಜನೆಯನ್ನು ತಿಳಿದಿರಬೇಕು. ಹುಟ್ಟುದೋಷವುಳ್ಳ ಮಗುವಿನ ಹೆಸರನ್ನು ಅದರಲ್ಲಿ ದಾಖಲಿಸಿದರೆ, ಎಷ್ಟು ತುರ್ತು ಎಂಬುದನ್ನು ತಜ್ಞರು ನಿರ್ಣಯಿಸಿ, ಗೊತ್ತುಪಡಿಸಿದ ಆಸ್ಪತ್ರೆಗೆ ಕಳುಹಿಸುತ್ತಾರೆ, ಚಿಕಿತ್ಸೆ ಉಚಿತ. ಮೊದಲ ಹೆಜ್ಜೆಯಾಗಿ ಹತ್ತಿರದ ಸರಕಾರಿ ಆರೋಗ್ಯಕೇಂದ್ರಕ್ಕೆ ಮಗುವನ್ನು ಕರೆದೊಯ್ದು ವಿಚಾರಿಸಿದರಾಯಿತು. ಮಲಯಾಳ ಇಂಗ್ಲಿಷುಗಳ ಕಾಗದಪತ್ರಗಳಿಗೆ ಅಂಜಬೇಕಾಗಿಲ್ಲ. ಶಾಲೆಯ ಕಚೇರಿಗೆ ತಂದರೆ ಕನ್ನಡದಲ್ಲಿ ಓದಿ ಹೇಳುವವರೂ ಅರ್ಜಿ ಬರೆದುಕೊಡುವವರೂ ಇದ್ದಾರೆ.

ಶಸ್ತ್ರಕ್ರಿಯೆಯಾದ ಮಗುವನ್ನು ಶಾಲೆಗೆ ಸೇರಿಸುವಾಗ ಆ ವಿಷಯವನ್ನು ಮುಚ್ಚಿಡುವವರಿದ್ದಾರೆ; ಹೆಣ್ಣುಮಗುವಾದರಂತೂ ಮುಂದೆ ಮದುವೆಗೆ ಅಡ್ಡಿಯಾದೀತೆಂದು ಎದೆಯ ಮೇಲಿನ ಗಾಯದ ಗೆರೆಯನ್ನು ಯಾರಿಗೂ ತೋರಗೊಡುವುದಿಲ್ಲ. ನಮಗೆ ಹೇಳಿದರೆ ಕೆಡುವುದೇನೂ ಇಲ್ಲ. ಆಟ, ಓಟ, ಈಜುಗಳಲ್ಲಿ ಯಾವುದು ಎಷ್ಟು ಎಂಬುದನ್ನು ವೈದ್ಯರಿಂದ ಬರೆಸಿ ತಂದುಕೊಡಿರಿ. ಹೆಚ್ಚಿನ ಮಕ್ಕಳು ಉಳಿದವರಂತೆಯೆ ಆಡಬಲ್ಲರು. ಹಲ್ಲುಗಳನ್ನು ಶುಚಿಯಾಗಿಡಬೇಕು, ಏಕೆಂದರೆ ಹುಳುಕಿನ ಕ್ರಿಮಿಗಳು ರಕ್ತದ ಮೂಲಕ ಹೃದಯಕ್ಕೆ ಹೋಗಿ ನೆಲಸುವುದುಂಟು. ಫಾಲೋ ಹೇಳಿದ ದೋಷವು ಸರಿಯಾದವರಿಗೂ ಇಪ್ಪತ್ತು ಮೂವತ್ತು ವರ್ಷಗಳ ತರುವಾಯ ಶ್ವಾಸಕೋಶದ ಕಡೆಯ ಕವಾಟವನ್ನು ಹೊಸದಾಗಿ ಹಾಕಬೇಕಾಗಬಹುದು. ಅಂದಿನ ವೈದ್ಯರಿಗೆ ಇಂದು ಮಾಡಿದ್ದೇನೆಂಬುದು ತಿಳಿಯಬೇಕಾದರೆ ಆಸ್ಪತ್ರೆಯಿಂದ ಕೊಟ್ಟ ಕಾಗದಗಳು ಬೇಕು. ಜಮೀನಿನ ಪತ್ರಗಳನ್ನು ಇಡುವ ಪೆಟ್ಟಿಗೆಯಲ್ಲಿಯೇ ಅವನ್ನೂ ಇಟ್ಟು, ಮಗುವಿಗೆ ತಿಳುವಳಿಕೆ ಬಂದಾಗ ಅದರ ಕೈಗೆ ಕೊಡಿರಿ.